ಹೊರೆ ಇಳಿಸಿದವರು

“ಯವ್ವಾ, ಹಂಚಿನಕೊಪ್ಪಕ್ಕ ಹೆಂಗ ಹೋಗಬೇಕ?” ದಾರಿ ತಪ್ಪಿದ ಡ್ರೈವರ್ ಜೀಪು ನಿಲ್ಲಿಸಿ ಕೇಳಿದ. ಕಟ್ಟಿಗೆ ಹೊತ್ತಿದ್ದ ಮುದುಕಿ ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ ವನಮಾಲಾ ಮೇಡಂ ಗುಡುಗಿದರು.

“ಕಾರ್ಖಾನೆಯ ಮ್ಯಾನೇಜರ್ ನಾನು. ಕಂಡಕಂಡವರ ಹತ್ತಿರ ದಾರಿ ಕೇಳಿದರೆ ನನ್ನ ಮರ್ಯಾದೆ ಏನಾಗಬೇಕು? ಸಭೆಗೆ ತಡವಾಯಿತೋ, ನಾಳೆಯಿಂದ ನೀನು ಬರಬೇಡ!”

ಕೇಳುವ ಹಾಗಿಲ್ಲ, ತಡವಾಗುವ ಹಾಗೂ ಇಲ್ಲ. ಡ್ರೈವರ್ ತಲೆ ಕೆರೆದುಕೊಂಡ. ಸಿಕ್ಕಸಿಕ್ಕವರನ್ನೆಲ್ಲ ಪರೀಕ್ಷೆ ಮಾಡುವುದು ಮೇಡಂಗೆ ಬಲು ಇಷ್ಟವೆಂದು ಅವನಿಗೆ ಗೊತ್ತಿತ್ತು.

“ಕೇಳೋದು ಬ್ಯಾಡ್ರಿ ಮೇಡಂ. ಈ ಮುದುಕಿಗೆ ದಾರಿ ಗೊತ್ತೈತೋ ಇಲ್ಲೋ, ನೀವೇ ಪರೀಕ್ಷೆ ಮಾಡಿಬಿಡ್ರಿ.”

ಮೇಡಂ ಮುಖ ಅರಳಿತು. ಕೆಳಗಿಳಿದು ಗಂಟಲು ಸರಿಮಾಡಿಕೊಂಡರು. “ಹೇಳು ನೋಡೋಣ, ಹಂಚಿನಕೊಪ್ಪಕ್ಕೆ ದಾರಿ ಯಾವುದು?”

ಮುದುಕಿ ಹೊರೆ ಇಳಿಸಿ, ಕೈ ಚಾಚಿ, ಕೆರೆ ಏರಿಯಿಂದ ಹಿಡಿದು ಹಿಟ್ಟಿನ ಗಿರಣಿಯವರೆಗೆ ಸಾವಕಾಶವಾಗಿ ಹೇಳಿದಳು.

“ಸರಿ ಉತ್ತರ!” ಎಂದು ಮೇಡಂ ಜೀಪಿನ ಕಡೆ ತಿರುಗಿದರು.

“ನಿಂದ್ರವ್ವಾ,” ಎಂದಳು ಮುದುಕಿ. “ದಾರಿ ತಪ್ಪಿದವರು ನನ್ನ ಪಾಸ್ ಮಾಡಿದ್ರ ನನಗೇನು ಬಂತು? ದಾರಿ ಕೇಳಿ ಹೊರೆ ಇಳಿಸಿದವರೇ ಎತ್ತಿಕೊಡೋದು ನಮ್ಮೂರ ಪದ್ಧತಿ.”

ಡ್ರೈವರ್ ಮುಂದೆ ಬಂದ. ಮೇಡಂ ಅವನನ್ನು ತಡೆದರು. ಅವರ ಮುಖ ಕೆಂಪೇರಿತ್ತು.

“ಇಳಿಸಿದ್ದು ನಾನು,” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದರು. “ಗಿರಣಿ ಹತ್ತಿರ ಎಡಕ್ಕೋ ಬಲಕ್ಕೋ ಅಂದ್ರಿ, ಅಜ್ಜಿ?” ಎಂದು ಮೆಲ್ಲಗೆ ಕೇಳುತ್ತಲೇ ಹೊರೆಯನ್ನು ಅವಳ ತಲೆಗೇರಿಸಿದರು.