ಗಡಿಯಾರದವನ ಮೋಟಾರ್‌ಸೈಕಲ್ಲು

“ತಾಯಿ, ತಪ್ಪು ಮಾಡಿದವನು ಕ್ಷಮೆ ಕೇಳಲು ಹೊರಡುವ ಮೊದಲು ಮನಸ್ಸನ್ನು ಎಷ್ಟು ತಿದ್ದಿಕೊಂಡಿರಬೇಕು?” ಎಂದು ಈರಯ್ಯ ಕೇಳಿದ.

ಈರಯ್ಯ ಮಠಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ತುಂಬಿದ ಮದುವೆ ಮನೆಯಲ್ಲಿ ಒಡಹುಟ್ಟಿದ ಅಕ್ಕನಿಗೆ ಆಡಬಾರದ ಮಾತು ಆಡಿ ಬಂದವನು. ಪ್ರತಿ ನಾಗರಪಂಚಮಿಗೆ ಅವಳಿಗೊಂದು ಕಾಗದ ಬರೆಯುತ್ತಿದ್ದ. ಮಾತು ಇನ್ನೂ ಹದಕ್ಕೆ ಬಂದಿಲ್ಲವೆಂದು ಹರಿದು ಹಾಕುತ್ತಿದ್ದ. ನೀಲವ್ವ ತಾಯಿಗೆ ಇದೆಲ್ಲ ಗೊತ್ತಿತ್ತು. ಆ ಮಠದಲ್ಲಿ ಯಾರ ಗುಟ್ಟು ತಾನೆ ಆಕೆಗೆ ಗೊತ್ತಿರಲಿಲ್ಲ? ಹೂಬತ್ತಿ ಹೊಸೆಯುತ್ತಲೇ ಆಕೆ ಕತೆ ಹಿಡಿದಳು.

ಒಂದೂರಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಕೈ ಅಂದರೆ ಕೈ. ಸಾಸಿವೆಗಿಂತ ಸಣ್ಣ ತಿರುಪನ್ನು ಉಸಿರು ತಾಗದಂತೆ ಎತ್ತಿ ಕೂರಿಸುತ್ತಿದ್ದ. ಅವನದೊಂದು ನೇಮ. ರಿಪೇರಿಯಾದ ಗಡಿಯಾರವನ್ನು ಮೂರು ದಿನ ತನ್ನ ಮೇಜಿನ ಮೇಲಿಟ್ಟು ಓಡಿಸಿ ನೋಡುವುದು. ಒಂದು ನಿಮಿಷ ಹಿಂದೆ ಬಿದ್ದರೂ ಮತ್ತೆ ಬಿಚ್ಚುವುದು. ತನ್ನ ಮೇಜಿನ ಮೇಲೆ ಓಡದ್ದು ಗಿರಾಕಿಯ ಕೈಯಲ್ಲಿ ಓಡೀತೇ ಎನ್ನುತ್ತಿದ್ದ. ಈ ನೇಮದಿಂದ ಹೆಸರು ಬಂತು. ಹೆಸರಿನ ಬೆನ್ನಿಗೇ ಸೊಕ್ಕೂ ಬಂತು.

ಕೈಗಿದ್ದ ಹದ ನಾಲಿಗೆಗೆ ಇರಲಿಲ್ಲ. ಹೆಂಡತಿ ನಗೆಮೊಗದವಳು. ಯಾರದೋ ಮನೆಯ ತೊಟ್ಟಿಲ ಕಾರ್ಯದಲ್ಲಿ ಫೋಟೋ ತೆಗೆಯುವವನು ಏನೋ ಅಂದ, ಅವಳು ನಕ್ಕಳು. ಅಷ್ಟೇ. ಊಟಕ್ಕೆ ಕೂತಿದ್ದ ಗಡಿಯಾರದವನು ಕೂತಲ್ಲಿಂದಲೇ, “ಅವನ ಜೊತೆ ಅಷ್ಟು ಸುಖವಾಗಿದ್ದರೆ ಅವನ ಜೊತೆಗೇ ಇದ್ದುಬಿಡು” ಎಂದ. ನೂರು ಎಲೆಯ ಮುಂದೆ. ಹೋಳಿಗೆ ಬಡಿಸುತ್ತಿದ್ದವಳು ಬುಟ್ಟಿ ಕೆಳಗಿಟ್ಟಳು. ಕೈ ತೊಳೆದಳು. ಚಪ್ಪಲಿ ಕೂಡ ಮೆಟ್ಟದೆ ತವರಿನ ದಾರಿ ಹಿಡಿದಳು.

ಊರ ಬಾಯಿಗೆ ಇನ್ನೇನು ಬೇಕು? ನಲ್ಲಿಯಲ್ಲಿ ನೀರು ತಡವಾದೀತು, ಸುದ್ದಿ ತಡವಾಗುವುದಿಲ್ಲ. ಫೋಟೋದವನ ಜೊತೆ ಓಡಿಹೋದಳು ಎಂದರು. ಬಸ್ ನಿಲ್ದಾಣದಲ್ಲಿ ಇಬ್ಬರನ್ನೂ ಕಣ್ಣಾರೆ ಕಂಡೆ ಎಂದವರೂ ಇದ್ದರು. ಅವರ ಕಣ್ಣಿಗೆ ಹತ್ತು ಮಾರು ದೂರದ ಎಮ್ಮೆ ಕಾಣುತ್ತಿರಲಿಲ್ಲ! ಪಾಪ, ಫೋಟೋದವನು ಅದೇ ತಿಂಗಳು ಸೋದರಮಾವನ ಮಗಳನ್ನು ಕಟ್ಟಿಕೊಂಡು ಇದೇ ಊರಲ್ಲಿ ಅಂಗಡಿ ಇಟ್ಟ. ಮುಚ್ಚಿಹಾಕಲು ಕಟ್ಟಿಕೊಂಡ ಎಂದು ಅದಕ್ಕೂ ಒಂದು ಬಾಲ ಅಂಟಿಸಿದರು.

ಎಂಟನೆಯ ದಿನಕ್ಕೆ ತವರಿನಿಂದ ಅವಳ ಮಾತು ಬಂತು. ಅಷ್ಟು ಜನರ ಮುಂದೆ ಅಂದವರು ನಮ್ಮ ಬಾಗಿಲಿಗೆ ಬಂದು ತಪ್ಪಾಯಿತು ಅನ್ನಲಿ, ಮದುವೆಯಾದಾಗ ಕರೆದೊಯ್ದ ಗಾಡಿಯ ಹಿಂದೆಯೇ ಕೂತು ಬರುತ್ತೇನೆ, ಎಂದು.

ಆ ಗಾಡಿ ಅವನ ಮೋಟಾರ್‌ಸೈಕಲ್ಲು. ಅಂಗಳದಲ್ಲಿತ್ತು. ಅವನು ತಲೆ ಬಾಚಿ, ಒಗೆದ ಅಂಗಿ ತೊಟ್ಟು, ಗಾಡಿಯ ಗುಂಡಿ ಒತ್ತಿದ. ಅದು ಒಂದು ಸಲ ಕೆಮ್ಮಿ ಸುಮ್ಮನಾಯಿತು. ಬ್ಯಾಟರಿ ಸತ್ತಿತ್ತು. ಎಂಜಿನ್ನಿನ ಕೆಳಗೆ ಎಣ್ಣೆ ತೊಟ್ಟಿಕ್ಕಿ ನೆಲ ಕಪ್ಪಾಗಿತ್ತು.

ಬಸ್ಸಿಗೆ ಹೋಗಬಾರದೇ ಎಂದು ನೆರೆಯವರು ಕೇಳಿದರು. ಅವಳು ಗಾಡಿ ಎಂದಿದ್ದಾಳೆ ಎಂದ. ನಿಜವೇ, ಎಂದಿದ್ದಳು. ಆದರೆ ಹೋಗಿ ನಿಂತಾಗ ಅವಳು ಮುಖ ನೋಡದೆ ಒಳಗೆ ನಡೆದುಬಿಟ್ಟರೆ ಎಂಬ ಅಂಜಿಕೆಯೂ ಅವನ ಹೊಟ್ಟೆಯಲ್ಲಿತ್ತು. ಅದನ್ನು ಅವನು ತನಗೂ ಹೇಳಿಕೊಳ್ಳಲಿಲ್ಲ.

ಮೆಕಾನಿಕ್ಕನ್ನು ಕರೆಯಲಿಲ್ಲ. ಕೈಗಡಿಯಾರ ಬಿಚ್ಚಿದವನಿಗೆ ಇದು ಎತ್ತಿನ ಬಂಡಿಯಲ್ಲವೇ! ಅಂಗಳದಲ್ಲಿ ಗೋಣಿ ಹಾಸಿಕೊಂಡು ಎಂಜಿನ್ನಿನ ಪಕ್ಕದ ಮುಚ್ಚಳ ತೆಗೆದ. ಕರೆಂಟು ಹುಟ್ಟಿಸುವ ತಾಮ್ರದ ಕಾಯಿಲ್ ಸೀದ ರೊಟ್ಟಿಯಂತೆ ಕರಕಾಗಿತ್ತು. ಆ ಕರೆಂಟನ್ನು ಹದಮಾಡಿ ಬ್ಯಾಟರಿಗೆ ಕಳಿಸುವ ರೆಕ್ಟಿಫೈಯರ್ ಕೂಡ ಸುಟ್ಟಿತ್ತು. ಬಿಸಿ ಎಣ್ಣೆಯನ್ನು ತಣಿಸಲೆಂದು ಎಂಜಿನ್ನಿನ ಮುಂದೆ ಜಾಲರಿಯಂತೆ ಕೂರಿಸಿದ ಆಯಿಲ್ ಕೂಲರ್ ಬಿರುಕು ಬಿಟ್ಟು ಜಿನುಗುತ್ತಿತ್ತು. ಬ್ಯಾಟರಿ ಸೇರಿ ನಾಲ್ಕನ್ನೂ ಹೊಸದು ತರಿಸಿದ. ಒಂದೊಂದು ವೈರನ್ನೂ ಒರೆಸಿ ಬೆಸುಗೆ ಹಾಕಿದ. ಎಣ್ಣೆ ಪೈಪಿನ ವಾಷರ್ ಕೂಡ ಹಳೆಯದು ಇಡಲಿಲ್ಲ. ಕಣ್ಣಿಗೊತ್ತಿಕೊಳ್ಳುವಂಥ ಕೆಲಸ. ಒಂದೇ ಒತ್ತಿಗೆ ಗಾಡಿ ಎದ್ದಿತು.

ಆಗಲೇ ಹೊರಡಬಹುದಿತ್ತು. ನೇಮ ಬಿಡಬೇಕಲ್ಲ! ಮೂರು ದಿನ ನೋಡೋಣ ಎಂದ. ಅಂಗಳದಲ್ಲೇ ಸ್ಟ್ಯಾಂಡು ಹಾಕಿ, ಗಾಡಿಯ ದೀಪ ಹೊತ್ತಿಸಿ, ಎಂಜಿನ್ ಸಣ್ಣಗೆ ಓಡಲು ಬಿಟ್ಟು, ಕರೆಂಟು ಅಳೆಯುವ ಮೀಟರು ಹಿಡಿದು ಪಕ್ಕದಲ್ಲಿ ಕೂತ. ಮೊದಲ ದಿನವೇ ಎಂಜಿನ್ ಕಾದು ರೊಟ್ಟಿಯ ಹಂಚಾಯಿತು. ಮೂರನೆಯ ದಿನಕ್ಕೆ ಬ್ಯಾಟರಿ ಇಳಿಯಿತು. ಸಾಮಾನು ಖೋಟಾ ಎಂದು ಎಲ್ಲ ಬಿಚ್ಚಿ ಗೋಣಿಚೀಲಕ್ಕೆ ತುಂಬಿದ. ಬೇರೆ ಸಾಮಾನು ಹೇಳಿಕಳಿಸಿದ. ಅದು ಬರಲು ತಿಂಗಳುಗಳಾದವು. ಬಂದಾಗ ಹಾಕಿದ. ಮತ್ತೆ ಮೂರು ದಿನ ಅಂಗಳದಲ್ಲಿ ಓಡಿಸಿದ. ಮತ್ತೆ ಹಂಚು, ಮತ್ತೆ ಸತ್ತ ಬ್ಯಾಟರಿ, ಮತ್ತೆ ಗೋಣಿಚೀಲ.

ಬೆಳಗಾದರೆ ಹಿಂದಿನ ಸೀಟು ಒರೆಸುತ್ತಿದ್ದ. ಅವಳು ಎರಡೂ ಕಾಲು ಒಂದೇ ಬದಿಗಿಟ್ಟು ಕೂರುವವಳು. ಎಡಗಡೆಯ ಕಾಲುಮೆಟ್ಟಿನ ರಬ್ಬರು ಅವಳ ಹಿಮ್ಮಡಿಗೆ ಸವೆದು ಗುಳಿಬಿದ್ದಿತ್ತು. ಗಾಡಿಯಲ್ಲಿ ಅಷ್ಟೆಲ್ಲ ಬದಲಿಸಿದವನು ಆ ರಬ್ಬರನ್ನು ಮುಟ್ಟಲಿಲ್ಲ. ಕೆಲಸ ಮುಗಿದ ಮೇಲೆ ಆ ಗುಳಿಯಲ್ಲಿ ಹೆಬ್ಬೆರಳಿಟ್ಟು ಸುಮ್ಮನೆ ಕೂತಿರುತ್ತಿದ್ದ. ತಪ್ಪಾಯಿತು ಎಂಬ ಮಾತನ್ನು ಗಾಡಿಯ ಮುಂದೆ ಅಂದು ನೋಡುತ್ತಿದ್ದ. ಒಂದು ಸಲ ಬಿರುಸಾಯಿತು ಅನಿಸುತ್ತಿತ್ತು, ಇನ್ನೊಂದು ಸಲ ತೀರ ಮೆತ್ತಗಾಯಿತು ಅನಿಸುತ್ತಿತ್ತು. ಅದನ್ನೂ ಬಿಚ್ಚುತ್ತಿದ್ದ, ಜೋಡಿಸುತ್ತಿದ್ದ. ಗೋಡೆಯಾಚೆಯ ಹೆಂಗಸರು ಕಿವಿಗೊಟ್ಟು ಕೇಳಿ, ಈತ ಗಾಡಿಗೇ ತಾಳಿ ಕಟ್ಟಿದ್ದಾನೆ ಎಂದು ಸೆರಗು ಬಾಯಿಗೊತ್ತಿ ನಕ್ಕರು. ಅವರು ನಕ್ಕದ್ದು ಅವನಿಗೆ ಕೇಳಿಸುತ್ತಿತ್ತು. ಅವಳೂ ಹಾಗೆಯೇ ನಗುತ್ತಿದ್ದಳು, ಈ ಗೋಡೆಯ ಒಳಗೆ.

ಹೀಗೆ ಮೂರು ವರ್ಷ.

ಒಂದು ದಿನ ಹಾಲಿನವನು ತನ್ನ ಕೈಗಡಿಯಾರ ಕೇಳಲು ಬಂದ. ಕ್ಯಾನು ಕಟ್ಟಿಕೊಂಡು ದಿನವಿಡೀ ಗಾಡಿ ಓಡಿಸುವವನು. ಅಂಗಳದಲ್ಲಿ ಮೀಟರು ಹಿಡಿದು ಕೂತವನನ್ನು ನೋಡಿದ.

“ಏನಣ್ಣಾ, ಗಾಡಿಗೆ ಜ್ವರ ಬಂತಾ?”

“ಬ್ಯಾಟರಿ ತುಂಬುತ್ತಿಲ್ಲ. ಎಣ್ಣೆ ತಣಿಯುತ್ತಿಲ್ಲ. ಮೂರನೆಯ ಸಲ ಸಾಮಾನು ಹಾಕಿದ್ದೇನೆ.”

“ನಿಂತಲ್ಲಿ ಹೇಗೆ ತುಂಬೀತು? ಎಂಜಿನ್ ಜೋರಾಗಿ ತಿರುಗಬೇಕು. ಎದುರುಗಾಳಿ ಬಡಿದರೆ ತಾನೆ ಕೂಲರ್ ತಣಿಸುವುದು? ಇದೇನು ನಿನ್ನ ಮೇಜಿನ ಮೇಲಿನ ಗಡಿಯಾರವಾ?”

“ಸರಿಯಾಗಲಿ, ಆಮೇಲೆ ಓಡಿಸುತ್ತೇನೆ.”

“ಓಡಿಸಿದರೇ ಸರಿಯಾಗುವುದು, ಪುಣ್ಯಾತ್ಮ. ಮೊದಲ ಸಲ ಹಾಕಿದ್ದೆಯಲ್ಲ, ಅದಕ್ಕೇನಾಗಿತ್ತು?”

ಗಡಿಯಾರದವನು ಎದ್ದು ಗೋಣಿಚೀಲ ಬಿಚ್ಚಿದ. ಮೊದಲು ಹಾಕಿ ತೆಗೆದ ಕಾಯಿಲ್ ಹೊರತೆಗೆದ. ಕೂಲರ್ ತೆಗೆದ. ಕಣ್ಣಿಗೆ ಭೂತಗನ್ನಡಿ ಹಚ್ಚಿ ನೋಡಿದ. ಒಂದು ಗೀರಿಲ್ಲ, ಒಂದು ಬಿರುಕಿಲ್ಲ. ಎಲ್ಲವೂ ಮೂರು ವರ್ಷದ ಹಿಂದೆಯೇ ಸರಿಯಾಗಿದ್ದವು. ಭೂತಗನ್ನಡಿಯ ಒಳಗೆ ನೀರು ತುಂಬಿ ಏನೂ ಕಾಣದಾಯಿತು.

ಅಂಗಿ ಬದಲಿಸಲಿಲ್ಲ. ಕೈಯ ಎಣ್ಣೆ ತೊಳೆಯಲಿಲ್ಲ. ಬ್ಯಾಟರಿ ಇಳಿದಿದ್ದರಿಂದ ಹಾಲಿನವನು ಹಿಂದಿನಿಂದ ತಳ್ಳಿದ. ಗಾಡಿ ಎದ್ದಿತು, ಬೀದಿಗೆ ಬಿದ್ದಿತು. ಗೋಡೆಯಾಚೆಯ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಓಡಿಬಂದರು.

ಊರು ದಾಟಿ ಎರಡು ಹರದಾರಿ ಹೋಗುವಷ್ಟರಲ್ಲಿ ಮಂಕಾಗಿದ್ದ ದೀಪ ಬೆಳ್ಳಗಾಯಿತು. ಮೊಣಕಾಲಿಗೆ ಬಡಿಯುತ್ತಿದ್ದ ಕಾವು ಇಳಿಯಿತು. ಎಂಜಿನ್ ತೊಟ್ಟಿಲ ಕೂಸಿನ ಉಸಿರಿನಂತೆ ಒಂದೇ ಸಮನಾಯಿತು. ಅವನಿಗೆ ನಗು ಬಂತು. ಆದರೆ ತಿರುವು ಬಂದಾಗಲೆಲ್ಲ ಹೆಗಲನ್ನು ಹಿಂದಿನಿಂದ ಅವಳ ಕೈ ಬಿಗಿಯಾಗಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೊಳೆದಂಡೆಯ ಅವಳ ತವರೂರು ಮುಟ್ಟಿದ. ಅತ್ತೆ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಗಾಡಿಯ ಸದ್ದಿಗೆ ತಲೆಯೆತ್ತಿದಳು. ಮೊರ ಪಕ್ಕಕ್ಕಿಡಲಿಲ್ಲ.

“ಬಂದಿರಾ ಅಳಿಯಂದಿರೇ? ಗಾಡಿ ಸರಿಯಾಯಿತಾ?”

“ಎಲ್ಲಿ ಅವಳು?”

“ಮೊದಲ ವರ್ಷ ಬೀದಿಯಲ್ಲಿ ಯಾವ ಗಾಡಿಯ ಸದ್ದಾದರೂ ಸೌಟು ಹಿಡಿದೇ ಬಾಗಿಲಿಗೆ ಓಡುತ್ತಿದ್ದಳು. ಎರಡನೆಯ ವರ್ಷ ಓಡಲಿಲ್ಲ, ಒಲೆ ಮುಂದೆ ಕೂತೇ ಕಿವಿಗೊಡುತ್ತಿದ್ದಳು. ಈ ವರ್ಷ, ‘ಅವ್ವಾ, ಗಾಡಿ ಸದ್ದು ಕೇಳದ ಕಡೆ ಇರುತ್ತೇನೆ’ ಅಂದಳು. ಹೊಳೆ ನಡುವಿನ ಗಡ್ಡೆಗೆ ಹೋದಳು. ನನ್ನ ತಂಗಿಯ ಮನೆ ಇದೆ ಅಲ್ಲಿ.”

ಅವನು ಗಾಡಿಯನ್ನು ಹೊಳೆಯ ದಂಡೆಗೆ ಒಯ್ದ. ಹೊಳೆ ತುಂಬಿತ್ತು. ನಡುಗಡ್ಡೆಯ ಮನೆಗಳು ಕಾಣುತ್ತಿದ್ದವು. ಒಂದು ಮನೆಯ ಮುಂದೆ ಯಾರೋ ಒಬ್ಬಳು ಸೀರೆ ಒಣಹಾಕುತ್ತಿದ್ದಳು. ಅವಳೇ ಇರಬಹುದು. ಯಾವಳೋ ಇರಬಹುದು. ಅಷ್ಟು ದೂರಕ್ಕೆ ಮುಖ ಕಾಣುತ್ತಿರಲಿಲ್ಲ. ದಂಡೆಯಲ್ಲಿ ನಾಲ್ಕು ಜನ ಕೂರುವ ಸಣ್ಣ ಹರಿಗೋಲು ಇತ್ತು. ಅಂಬಿಗ ಹುಟ್ಟು ಹಿಡಿದು ನಿಂತಿದ್ದ.

“ಇದರಲ್ಲಿ ಗಾಡಿ ಹಿಡಿಯುವುದಿಲ್ಲ ಸ್ವಾಮಿ. ಗಾಡಿ ಸಮೇತ ದಾಟಬೇಕೆಂದರೆ ದೊಡ್ಡ ಹರಿಗೋಲು ಬರಬೇಕು. ಅದು ಹೊಳೆ ಇಳಿದ ಮೇಲೆ. ಈಗ ನೀವೊಬ್ಬರೇ ಬರುವುದಾದರೆ ಹತ್ತಿ” ಎಂದ.

ಗಡಿಯಾರದವನ ಒಂದು ಕಾಲು ನೀರಿನಲ್ಲಿತ್ತು. ಒಂದು ಕೈ ಹ್ಯಾಂಡಲ್ಲಿನ ಮೇಲಿತ್ತು. ಗಾಡಿಯ ಹಿಂದೆಯೇ ಕೂತು ಬರುತ್ತೇನೆ ಎಂದಿದ್ದಳು. ಗಾಡಿ ಈಗ ಎಂದೂ ಇಲ್ಲದಷ್ಟು ಚೆನ್ನಾಗಿ ಓಡುತ್ತಿತ್ತು. ಹೊಳೆ ಇಳಿಯಲು ಎಷ್ಟು ದಿನ ಬೇಕು ಎಂಬ ಮಾತು ಅವನ ಬಾಯಿಯ ತನಕ ಬಂತು.

ನೀಲವ್ವ ತಾಯಿ ಅಲ್ಲಿಗೆ ನಿಲ್ಲಿಸಿ, ಮುಗಿದ ಬತ್ತಿಗಳನ್ನು ಬಟ್ಟಲಿಗೆ ತುಂಬತೊಡಗಿದಳು.

ಈರಯ್ಯ ತಡೆಯಲಾರದೆ, “ಹತ್ತಿದನೇ ತಾಯಿ? ಅಥವಾ ದೊಡ್ಡ ಹರಿಗೋಲಿಗೆ ಕಾದನೇ?” ಎಂದ.

“ನಿಮ್ಮಕ್ಕನ ಊರಿಗೆ ಬಸ್ಸು ಎಷ್ಟು ಗಂಟೆಗೆ, ಈರಯ್ಯಾ?” ಎಂದಳು ತಾಯಿ.