ಬಾಣಂತಿಕೋಣೆಯ ಹೊಸ್ತಿಲಲ್ಲಿ ಜಕ್ಕವ್ವ ತಾಯಿಯವರು

ತೆಗ್ಗಿನಹಾಳದ ಊರ ಹೊರಗೆ, ಕುರಿದೊಡ್ಡಿಯ ಬೇಲಿಗೆ ಒತ್ತಿಕೊಂಡು, ಜೋಳದ ದಂಟಿನ ಗುಡಿಸಲೊಂದಿತ್ತು. ಅದಕ್ಕೆ ಬಾಗಿಲು ಇರಲಿಲ್ಲ. ಕೂಡಿಸಿಕೊಡುತ್ತೇವೆಂದು ಬಂದ ಭಕ್ತರನ್ನು ಪೂಜ್ಯ ಜಕ್ಕವ್ವ ತಾಯಿಯವರು ನಕ್ಕು ಕಳಿಸಿಬಿಡುತ್ತಿದ್ದರು. ತಾಯಿಯವರ ಆಸ್ತಿಯೆಂದರೆ ಒಂದು ಕರಿಕಂಬಳಿ, ಒಂದು ಮಣ್ಣಿನ ಗಡಿಗೆ, ಕುಸುಬಿ ಎಣ್ಣೆಯ ಕುಡಿಕೆ, ಇಷ್ಟೇ. ಆ ಬಯಲುಸೀಮೆಯಲ್ಲಿ ಮಾರ್ಗಶಿರ ಬಂತೆಂದರೆ ಗಟ್ಟಿಮುಟ್ಟಾದ ಗಂಡಸರೂ ಹೊತ್ತು ಮೇಲೇರುವ ತನಕ ಹೊದಿಕೆಯಿಂದ ತಲೆ ಹೊರಗೆ ಹಾಕುತ್ತಿರಲಿಲ್ಲ. ತಾಯಿಯವರು ಮಾತ್ರ ಬೆಳಗು ಹರಿಯುವಷ್ಟರಲ್ಲಿ ಕುರಿಗಳ ಹಿಂದೆ ಒಂದು ಸುತ್ತು ನಡೆದು ಬಂದು, ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂತು, ಮುದುಕಿಯರ ಒಡೆದ ಹಿಮ್ಮಡಿಗೆ ಎಣ್ಣೆ ತಿಕ್ಕುತ್ತಿದ್ದರು. ಪಕ್ಕದಲ್ಲಿ ಹುರುಳಿಕಟ್ಟು ಕುದಿಯುತ್ತಿತ್ತು, ಬಂದವರಿಗೆಲ್ಲ ಒಂದೊಂದು ಬಟ್ಟಲು. "ಮೈ ಸಡಿಲ ಬಿಡವ್ವ, ಯಾಕ ಹಿಂಗ ಮುದುಡಿಕೊಂಡಿ? ಚಳಿ ನಿನ್ನ ತಿನ್ನಾಕ ಬಂದಿಲ್ಲ" ಎಂದು ಅವರು ಹೆಗಲು ತಟ್ಟಿದರೆ ಅರ್ಧ ಜಡ್ಡು ಅಲ್ಲೇ ಇಳಿಯುತ್ತಿತ್ತು ಎಂದು ಕಂಡವರು ಹೇಳುತ್ತಾರೆ.

ಕಂಬಳಿ ನೇಯುವವರ ಓಣಿಯ ಮಾಳವ್ವ ಈ ಮಾತನ್ನು ಒಪ್ಪುವವಳಲ್ಲ. ಚಳಿ ಅವಳ ಮನೆಗೆ ತಿನ್ನಲೆಂದೇ ಬಂದಿತ್ತು. ಎರಡು ವರ್ಷದ ಹಿಂದೆ, ಇದೇ ಮಾರ್ಗಶಿರದಲ್ಲಿ, ಅವಳ ಮೊದಲ ಮೊಮ್ಮಗ, ಇನ್ನೂ ಹೆಸರಿಡದ ಹಸುಗೂಸು, ಬಾಣಂತಿಕೋಣೆಯಲ್ಲೇ ತೀರಿಹೋಗಿತ್ತು. ಅಗ್ಗಿಷ್ಟಿಗೆ ಕಾಯುವ ಪಾಳಿ ಅಂದು ಮಾಳವ್ವನದು. ಕೆಂಡ ಆರಿ ಬೂದಿಯಾದದ್ದು ಅವಳಿಗೆ ಗೊತ್ತಾಗಲೇ ಇಲ್ಲ, ನಿದ್ದೆ ಹೋಗಿದ್ದಳು. ಎಚ್ಚರಾದಾಗ ಕೋಣೆಯೂ ತಣ್ಣಗೆ, ಕೂಸೂ ತಣ್ಣಗೆ. ಚಳಿ ಒಯ್ಯಿತು ಎಂದು ಊರಿಗೆಲ್ಲ ಹೇಳಿದಳು. ನಿದ್ದೆಯ ಮಾತನ್ನು ಮಾತ್ರ ಮಗ ಅಮೋಗೆಪ್ಪನಿಗೂ ಹೇಳಲಿಲ್ಲ, ಸೊಸೆ ರೇವವ್ವನಿಗೂ ಹೇಳಲಿಲ್ಲ. ಅನ್ನದ ತುತ್ತು ಎತ್ತಿದಾಗಲೆಲ್ಲ ಅದು ಅವಳ ಗಂಟಲಿಗೆ ಬಂದು ನಿಲ್ಲುತ್ತಿತ್ತು.

ಈಗ ರೇವವ್ವನಿಗೆ ಹೆಣ್ಣುಮಗು ಹುಟ್ಟಿತು. ತವರಿನಲ್ಲಿ ತಾಯಿಯಿಲ್ಲದ ಹುಡುಗಿ, ಹೀಗಾಗಿ ಈ ಬಾಣಂತನವೂ ಅತ್ತೆಯ ಪಾಲಿಗೇ ಬಂತು. "ಈ ಸಲ ಚಳಿ ಹ್ಯಾಂಗ ಒಳಗ ಬರ್ತೈತಿ ನೋಡೇ ಬಿಡ್ತೀನಿ" ಎಂದು ಮಾಳವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

ಬೇರೆ ಮನೆಯವರಾಗಿದ್ದರೆ ಕಿಟಕಿಗೆ ಒಂದು ಹರಕು ಚೀಲವನ್ನೋ ಹಳೆಯ ಸೀರೆಯನ್ನೋ ತುರುಕಿ ಸುಮ್ಮನಾಗುತ್ತಿದ್ದರು. ಇವರದು ಕಂಬಳಿ ಮನೆತನ. ಹುಣಸೆಬೀಜ ಬೀಸಿ ಕುದಿಸಿದ ಗಂಜಿಯನ್ನು ಎಳೆಗಳಿಗೆ ತಿಕ್ಕಿ ನೇಯ್ದ ಇವರ ಕಂಬಳಿಯ ಮೇಲೆ ನೀರು ಹೊಯ್ದರೂ ಕೆಳಗೆ ಇಳಿಯುವುದಿಲ್ಲ ಎಂಬ ಹೆಸರಿತ್ತು. ಮಾಳವ್ವ ಸಂತೆಗೆಂದು ತೆಗೆದಿಟ್ಟಿದ್ದ ಹೊಸ ಕಂಬಳಿಗಳನ್ನೇ ಹೊರಗೆಳೆದಳು. ಅವಕ್ಕೆ ಇನ್ನೊಂದು ಸಲ ದಪ್ಪನೆಯ ಗಂಜಿ ಬಳಿದು, ಹಸಿ ಇರುವಾಗಲೇ ಕಿಟಕಿಗೆ, ಮಾಳಿಗೆಯ ಬೆಳಕಿಂಡಿಗೆ, ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದು ಬಿಗಿದಳು. ಒಣಗಿದ ಮೇಲೆ ಅವು ಚರ್ಮದಂತೆ ಬಿರುಸಾಗಿ ಗೋಡೆಗೆ ಅಂಟಿಕೊಂಡವು. ಒಳಗೆ ಹೋಗಿ ಬರಲು ಬಾಗಿಲ ಕಂಬಳಿಯ ಒಂದು ಅಂಚು ಮಾತ್ರ ಬಿಡುವಾಗಿತ್ತು, ಒಳಗೆ ಹೋದವಳೇ ಅದನ್ನೂ ಕಲ್ಲು ಹೇರಿ ಮುಚ್ಚುತ್ತಿದ್ದಳು. ಬಾಣಂತಿಯ ಹೊರಸಿನ ಕೆಳಗೆ ಇದ್ದಿಲಿನ ಅಗ್ಗಿಷ್ಟಿಗೆ ಹಗಲೂ ಇರುಳೂ ಉರಿಯುತ್ತಿತ್ತು. ಊರಿನ ಹೆಂಗಸರು ಬಂದು ನೋಡಿ, ಬಾಣಂತನ ಅಂದರೆ ಇದು, ಎಂದು ಹೊಗಳಿದರು.

ಕೂಸಿಗೆ ಐದನೇ ದಿನದ ಐದೇಶಿ ಪೂಜೆ ಮುಗಿದ ಮೇಲೆ ಒಂದು ಬೆಳಗ್ಗೆ ತಾಯಿಯವರು ಬಾಣಂತಿಗೆಂದು ಹುರುಳಿಕಟ್ಟು ಹಿಡಿದುಕೊಂಡು ಆ ಮನೆಯ ಅಂಗಳಕ್ಕೆ ದಯಮಾಡಿಸಿದರು. ಬಿಗಿದ ಕಿಟಕಿಯನ್ನು ಬಹಳ ಹೊತ್ತು ನೋಡಿದರು.

"ಮಾಳವ್ವ, ಉಸಿರಿಗೆ ಒಂದೀಟು ದಾರಿ ಬಿಡು" ಎಂದರು.

ಮಾಳವ್ವನಿಗೆ ಎಲ್ಲಿತ್ತೋ ಸಿಟ್ಟು. "ನಿಮಗೇನ್ರಿ ಗೊತ್ತು ತಾಯಿ," ಎಂದಳು, "ನೀವು ಹಡದವರಲ್ಲ, ಕಳಕೊಂಡವರೂ ಅಲ್ಲ. ನಿಮ್ಮ ಗುಡಿಸಲದಾಗ ಗಾಳಿ ಆಡಿದ್ರ ನಡೀತೈತಿ. ನನ್ನ ಕೂಸಿಗೆ ನಡಿಯಂಗಿಲ್ಲ."

ತಾಯಿಯವರು ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದರು. ಮಹಾತ್ಮರ ಎದುರು ನಾಲಿಗೆ ಹರಿಬಿಡಬಾರದು ಎಂಬುದು ನಮಗೆಲ್ಲ ಗೊತ್ತು. ಆದರೆ ಹೆದರಿದವರ ನಾಲಿಗೆಗೆ ಅಷ್ಟೆಲ್ಲ ವಿವೇಚನೆ ಎಲ್ಲಿಂದ ಬರಬೇಕು? ಅವಳನ್ನು ಬೈಯುವುದಕ್ಕೆ ನನಗಂತೂ ಮನಸ್ಸು ಬರುವುದಿಲ್ಲ.

ಅದಾದ ಕೆಲವು ದಿನಕ್ಕೆ ಮೂಡಣದಿಂದ ಜಡಿ ಹಿಡಿಯಿತು. ಆಕಾಶ ಬೂದಿ ಬಣ್ಣಕ್ಕೆ ತಿರುಗಿ, ತುಂತುರಿನ ಜೊತೆ ಕೊರೆಯುವ ಗಾಳಿ. ಅಮೋಗೆಪ್ಪ ಉಳಿದ ಕಂಬಳಿಗಳನ್ನು ಹೊತ್ತುಕೊಂಡು ಪಕ್ಕದ ಊರಿನ ಸಂತೆಗೆ ಹೋಗಿದ್ದ. ಮನೆಯಲ್ಲಿ ಅತ್ತೆ, ಸೊಸೆ, ಕೂಸು ಮೂವರೇ. ಮಾಳವ್ವ ಬೆಳಗಿನಿಂದ ಅಗ್ಗಿಷ್ಟಿಗೆಗೆ ಇದ್ದಿಲು ಸುರಿಯುತ್ತಲೇ ಇದ್ದಳು. ಬಾಗಿಲ ಕಂಬಳಿಯ ಬಿಡುವಿನ ಅಂಚಿಗೂ ಅಂದು ಮೊಳೆ ಹೊಡೆದಳು.

ಮಧ್ಯಾಹ್ನದ ಹೊತ್ತಿಗೆ ರೇವವ್ವ, "ಅತ್ತಿ, ತಲಿ ಒಡದು ಹೋಗಾಕತ್ತೈತಿ" ಎಂದಳು.

"ಥಂಡಿ ಹೊಕ್ಕೈತಿ, ಹೊದ್ಕೊಂಡು ಮಲ್ಕೊ" ಎಂದು ಮಾಳವ್ವ ಅವಳ ಮೇಲೆ ಇನ್ನೊಂದು ಕಂಬಳಿ ಎಳೆದಳು. ಕೂಸಿನ ಕೆನ್ನೆ ಮುಟ್ಟಿ ನೋಡಿದಳು. ಬೆಚ್ಚಗಿತ್ತು, ಕೆಂಪಗಿತ್ತು. ಅವಳಿಗೆ ಸಮಾಧಾನವಾಯಿತು. ದಿನವೂ ಅಗ್ಗಿಷ್ಟಿಗೆಯ ಪಕ್ಕದಲ್ಲೇ ಬಿದ್ದಿರುತ್ತಿದ್ದ ಬೆಕ್ಕು ಆ ದಿನ ಬೆಳಗ್ಗೆ ಬಾಗಿಲ ತನಕ ಬಂದು, ಮೂಸಿ, ಜಡಿಯಲ್ಲೇ ಹೊರಗೆ ಹೋಗಿ ಕೂತಿತ್ತು. ಅದನ್ನು ಕಂಡೂ ಅವಳು ಕಂಡಿರಲಿಲ್ಲ.

ಆಮೇಲೆ ರೇವವ್ವ ವಾಂತಿ ಮಾಡಿಕೊಂಡಳು. ಏಳಲು ಹೋಗಿ, ಕಾಲು ನಿಲ್ಲದೆ ಹೊರಸಿನ ಅಂಚಿಗೆ ಕುಸಿದಳು. ಮಾಳವ್ವ ಅವಳನ್ನು ಹೇಗೋ ಎತ್ತಿ ಮಲಗಿಸಿ, ಕೂಸನ್ನು ಅವಳ ಎದೆಗೆ ಹಚ್ಚಿದಳು. ಕೂಸು ಬಾಯಿ ತೆರೆಯಲಿಲ್ಲ. ಅದರ ಕೈ ಎತ್ತಿ ಬಿಟ್ಟರೆ ಹಾಗೆಯೇ ಕೆಳಗೆ ಬಿತ್ತು. ತುಟಿಗೆ ಬೆರಳಿಟ್ಟರೆ ಉಸಿರು ಇದೆಯೋ ಇಲ್ಲವೋ ಎಂಬಷ್ಟು ಸಣ್ಣಗಿತ್ತು.

ಮಾಳವ್ವನಿಗೆ ಭಯದಿಂದ ಬೆನ್ನು ಬೆವರಿತು. ಅವಳ ತಲೆಯೂ ಸಿಡಿಯುತ್ತಿತ್ತು, ಕಣ್ಣು ತಾವಾಗಿಯೇ ಮುಚ್ಚುತ್ತಿದ್ದವು. ಇದೇ ಭಾರ, ಇದೇ ಮಂಪರು, ಎರಡು ವರ್ಷದ ಹಿಂದೆಯೂ ಹೀಗೆಯೇ ಅವಳ ರೆಪ್ಪೆಯ ಮೇಲೆ ಬಂದು ಕೂತಿತ್ತು. ಅದೇ ಸಾವು ಮತ್ತೆ ಬಂದು ಈ ಕೋಣೆಯೊಳಗೆ ಕೂತಿದೆ ಎಂದು ಅವಳಿಗೆ ಅನ್ನಿಸಿತು. ಒಂದು ಸಂದೂ ಬಿಡದೆ ಮುಚ್ಚಿದ್ದೇನೆ, ಎಲ್ಲಿಂದ ಬಂತು ಇದು? ಗೋಡೆಯನ್ನೆಲ್ಲ ತಡವಿ ನೋಡಿದಳು. ನಿದ್ದೆ ಹೋಗಬಾರದು, ಈ ಸಲ ಏನಾದರೂ ನಿದ್ದೆ ಹೋಗಬಾರದು, ಎಂದು ತನ್ನ ತೊಡೆಯನ್ನು ತಾನೇ ಚಿವುಟಿಕೊಂಡಳು. ಅವಳಿಗೆ ಗೊತ್ತಿದ್ದ ಉಪಾಯ ಒಂದೇ. ಬುಟ್ಟಿಗೆ ಕೈ ಹಾಕಿ ಇನ್ನೊಂದು ಬೊಗಸೆ ಇದ್ದಿಲು ತೆಗೆದಳು.

ಆಗ ಹೊರಗಿನಿಂದ ದನಿ ಕೇಳಿಸಿತು. "ಮಾಳವ್ವ, ನಾ ಜಕ್ಕವ್ವ."

ಕುರಿದೊಡ್ಡಿಯಲ್ಲಿ ನಿಂತು ನೋಡಿದರೆ ಊರಿನ ಎಲ್ಲ ಮಾಳಿಗೆಗಳೂ ಕಾಣುತ್ತವೆ. ಆ ಜಡಿಯ ದಿನ ಎಲ್ಲರ ಬೆಳಕಿಂಡಿಯಿಂದಲೂ ಹೊಗೆ ಏಳುತ್ತಿತ್ತು, ಮಾಳವ್ವನ ಮನೆಯಿಂದ ಮಾತ್ರ ಒಂದು ಎಳೆಯೂ ಏಳುತ್ತಿರಲಿಲ್ಲ. ಅದನ್ನು ಕಂಡು, ಉರಿಯುವ ಬೆಂಕಿಯ ಹೊಗೆ ಒಳಗೇ ಉಳಿದಿದೆ ಎಂದರಿತ ತಾಯಿಯವರು ತೊಯ್ಯುತ್ತ ನಡೆದುಬಂದಿದ್ದರು. ಅನ್ನಿಸಿಕೊಂಡ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಗುಡಿಸಲಲ್ಲೇ ಕೂರುವ ಜೀವ ಅವರದಾಗಿರಲಿಲ್ಲ.

ಮಾಳವ್ವ ಮೊಳೆ ಕಿತ್ತು ಕಂಬಳಿಯ ಅಂಚನ್ನು ಸರಿಸಿ, ಹೊಸ್ತಿಲಿಗೆ ಅಡ್ಡ ನಿಂತಳು. ಹೊರಗಿನಿಂದ ಬಂದವರು ಕಾಲು ತೊಳೆದು, ಮೈ ಕಾಯಿಸಿಕೊಂಡ ಮೇಲೆಯೇ ಬಾಣಂತಿಯ ಬಳಿ ಹೋಗಬೇಕು. ಅದು ಅಲ್ಲಿಯ ಪದ್ಧತಿ. "ತೊಯ್ದ ಮೈಲೆ ಒಳಗ ಬರಬ್ಯಾಡ್ರಿ ತಾಯಿ, ನಿಮ್ಮ ಕಾಲಿಗೆ ಬೀಳ್ತೀನಿ. ಕೂಸಿಗೆ ಏನೋ ಆಗೈತಿ."

ತಾಯಿಯವರು ಹೊಸ್ತಿಲ ಆಚೆಯೇ ನಿಂತರು. ಒಳಗಿನ ಗಾಳಿ ಅವರ ಮುಖಕ್ಕೆ ಬಡಿಯಿತು. ಎರಡೂ ಕೈ ಮುಂದೆ ಚಾಚಿದರು.

"ನಾ ಬರಂಗಿಲ್ಲ. ಕೂಸಿನ್ನ ಹೊರಗ ತಾ."

"ಹೊರಗ ತಂದ್ರ ಸಾಯ್ತೈತ್ರಿ."

"ಒಳಗಿದ್ರ ಸಾಯ್ತೈತಿ" ಎಂದರು ತಾಯಿಯವರು.

ಮಾಳವ್ವ ತಿರುಗಿ ನೋಡಿದಳು. ಹಿಂದೆ ಬೆಚ್ಚನೆಯ ಕತ್ತಲು, ಅವಳೇ ಕೈಯಾರೆ ಕಟ್ಟಿದ್ದು. ಮುಂದೆ ಬೀಸುವ ಗಾಳಿ, ಎರಡು ವರ್ಷ ಅವಳ ನಿದ್ದೆ ಕೆಡಿಸಿದ್ದು. ಅವಳು ಹೋಗಿ ಕೂಸನ್ನು ಎತ್ತಿಕೊಂಡಳು. ಹೊಸ್ತಿಲ ತನಕ ಬಂದು ಮತ್ತೆ ನಿಂತುಬಿಟ್ಟಳು. ಕೈ ಚಾಚಲು ಆಗಲೇ ಇಲ್ಲ. ಕೊಂದುಬಿಡುತ್ತಿದ್ದೇನೆ, ಈ ಸಲ ಕಣ್ಣು ತೆರೆದುಕೊಂಡೇ ಕೊಂದುಬಿಡುತ್ತಿದ್ದೇನೆ, ಎಂದು ಎದೆ ಬಡಿದುಕೊಳ್ಳುತ್ತಿತ್ತು. ತಾಯಿಯವರು ಅವಸರ ಮಾಡಲಿಲ್ಲ, ಕಸಿದುಕೊಳ್ಳಲೂ ಇಲ್ಲ. ಚಾಚಿದ ಕೈ ಹಾಗೆಯೇ ಇತ್ತು. ಕೊನೆಗೆ ಮಾಳವ್ವ ಕಣ್ಣು ಮುಚ್ಚಿ ಕೂಸನ್ನು ಆ ಕೈಗಳಿಗೆ ಇಟ್ಟಳು.

ತಾಯಿಯವರು ತೊಯ್ದ ಕಂಬಳಿಯನ್ನು ಕಳಚಿ ಎಸೆದು, ಕೂಸನ್ನು ತಮ್ಮ ಬರಿ ಎದೆಗೆ ಅವುಚಿಕೊಂಡು ಮೇಲೆ ಸೆರಗು ಸುತ್ತಿದರು. ಪಡಸಾಲೆಯಲ್ಲಿ ಗಾಳಿಗೆ ಬೆನ್ನು ಮಾಡಿ ಕೂತರು. "ಇನ್ನ ಕಂಬಳಿ ಎಲ್ಲಾ ಕೀಳು. ರೇವವ್ವನ್ನ ಎಳಕೊಂಡು ಬಾ" ಎಂದರು.

ಮಾಳವ್ವನಿಗೆ ಆ ಬಲ ಎಲ್ಲಿಂದ ಬಂತೋ ಗುರುವೇ ಬಲ್ಲ. ಬಾಗಿಲ ಕಂಬಳಿಯನ್ನು ಮೊಳೆಸಮೇತ ಹರಿದಳು. ಕಿಟಕಿಯದನ್ನು ಹರಿದಳು, ಉಗುರು ಕಿತ್ತು ರಕ್ತ ಬಂತು. ಗಾಳಿ ನುಗ್ಗಿದ್ದೇ ತಡ, ಮಂಕಾಗಿದ್ದ ಅಗ್ಗಿಷ್ಟಿಗೆಯ ಕೆಂಡ ಭಗ್ಗನೆ ಕೆಂಪೇರಿತು. ಸೊಸೆಯ ತೋಳು ಹಿಡಿದು ಪಡಸಾಲೆಗೆ ಎಳೆದು ತಂದಳು. ರೇವವ್ವ ನೆಲದ ಮೇಲೆ ಬಿದ್ದು ದೊಡ್ಡ ದೊಡ್ಡ ಉಸಿರು ಎಳೆಯತೊಡಗಿದಳು.

ಕೂಸು ಮಾತ್ರ ಅಲ್ಲಾಡಲಿಲ್ಲ. ತಾಯಿಯವರು ಅದರ ಬೆನ್ನನ್ನು ಅಂಗೈಯಿಂದ ತಿಕ್ಕುತ್ತ, ನಡುನಡುವೆ ಅಂಗಾಲನ್ನು ಬೆರಳಿಂದ ಹೊಡೆಯುತ್ತ ಕೂತಿದ್ದರು. ತುಂತುರು ಪಡಸಾಲೆಯ ಅಂಚಿನ ತನಕ ಬರುತ್ತಿತ್ತು. ಮಾಳವ್ವ ಗೋಡೆಗೆ ಒರಗಿ ನಿಂತು ಆ ಸೆರಗನ್ನೇ ನೋಡುತ್ತಿದ್ದಳು. ಮಗ ಸಂತೆಯಿಂದ ಬಂದು, ಕೂಸೆಲ್ಲಿ, ಎಂದು ಕೇಳಿದರೆ ಏನು ಹೇಳಲಿ ಎಂದು ಯೋಚಿಸಿದಳು. ತಾಯಿಯವರ ತುಟಿ ಮೆಲ್ಲಗೆ ಅಲುಗುತ್ತಿತ್ತು, ಯಾವ ನಾಮವೋ ಏನೋ, ಅವಳಿಗೆ ಕೇಳಿಸಲಿಲ್ಲ.

ಸೆರಗಿನೊಳಗಿಂದ ಒಂದು ಸಣ್ಣ ಸೀನು ಬಂತು. ಆಮೇಲೆ ಮತ್ತೊಂದು. ಆಮೇಲೆ ಕೂಸು ಅಳತೊಡಗಿತು. ಮೊದಮೊದಲು ನರಳಿದಂತೆ, ಬರಬರುತ್ತ ಓಣಿಗೆಲ್ಲ ಕೇಳುವಂತೆ ಕಿರುಚಿ ಅತ್ತಿತು. ಮಾಳವ್ವ ಅಲ್ಲೇ ಕುಸಿದು ಕೂತಳು.

ತಾಯಿಯವರು ಕೂಸನ್ನು ರೇವವ್ವನ ಎದೆಗೆ ಮೈಗೆ ಮೈ ಹತ್ತುವಂತೆ ಮಲಗಿಸಿ, ಇಬ್ಬರನ್ನೂ ಸೇರಿಸಿ ಒಂದು ಒಣ ಕಂಬಳಿ ಹೊದಿಸಿದರು, ಮುಖ ಮಾತ್ರ ಹೊರಗೆ. "ಕೂಸಿಗೆ ಇದಕ್ಕಿಂತ ಬಿಸಿ ಬ್ಯಾಡ. ಬೆಂಕಿ ಅಂಗಳದಾಗ ಇರಲಿ, ಕಾಸಿದ ಕೈ ಅಷ್ಟ ಒಳಗ ಬರಲಿ. ಬಿಸಿಲು ಬಿದ್ದಾಗ ಇಬ್ಬರನ್ನೂ ಹೊರಗ ಕೂಡಿಸು" ಎಂದರು. ಆ ದಿನ ಅವರು ಆಡಿದ ಉದ್ದನೆಯ ಮಾತು ಅದೊಂದೇ.

ಮಾಳವ್ವ ತೆರೆದ ಕೋಣೆಯನ್ನು ನೋಡುತ್ತಿದ್ದಳು. ಅವಳ ತಲೆಭಾರ ಇಳಿಯುತ್ತಿತ್ತು. ಇಳಿದಂತೆಲ್ಲ ಒಂದು ಹೊಸ ಭಯ ಒಳಗೆ ಏಳುತ್ತಿತ್ತು. ಎರಡು ವರ್ಷದ ಹಿಂದೆಯೂ ಕೋಣೆ ಮುಚ್ಚಿಯೇ ಇತ್ತಲ್ಲ. ಅಂದೂ ಇದ್ದಿಲು ಉರಿದಿತ್ತಲ್ಲ. ಎದ್ದಾಗ ತಾನೂ ವಾಂತಿ ಮಾಡಿಕೊಂಡಿದ್ದಳು, ರೇವವ್ವ ಕಣ್ಣು ಬಿಡಲಾರದೆ ಬಿದ್ದಿದ್ದಳು. ದುಃಖಕ್ಕೆ ಹಾಗಾಯಿತು ಎಂದಿದ್ದರು ಎಲ್ಲರೂ.

"ತಾಯಿ," ಎಂದಳು. "ಮೊದಲನೇ ಕೂಸು ಹೋದಾಗ ನಾ ನಿದ್ದಿ ಹೋಗಿದ್ದೆ. ಬೆಂಕಿ ಆರಿದ್ದು ತಿಳೀಲಿಲ್ಲ. ಯಾರ ಮುಂದೂ ಹೇಳಿಲ್ಲ."

ರೇವವ್ವ ಕಣ್ಣು ತೆರೆದು ಅತ್ತೆಯನ್ನು ನೋಡಿದಳು.

ತಾಯಿಯವರು ಮಾಳವ್ವನ ಪಕ್ಕಕ್ಕೆ ಬಂದು ಕೂತರು. "ಅದು ನಿದ್ದಿ ಅಲ್ಲ ತಂಗಿ, ಇದ್ದಿಲಿನ ವಿಷಗಾಳಿ" ಎಂದರು. "ನೀನೂ ಹೊಂಟಿದ್ದಿ. ಉಳದಿ."

ಮಾಳವ್ವ ಹರಿದು ಬಿದ್ದ ಬಾಗಿಲ ಕಂಬಳಿಯತ್ತ ನೋಡಿದಳು. ಆಮೇಲೆ ತನಗೇ ಕೇಳದಷ್ಟು ಮೆಲ್ಲಗೆ, "ಹಂಗಾದ್ರ ಚಳಿ ಒಯ್ಯಲಿಲ್ಲ. ನಾನ ಮುಚ್ಚಿದ್ದೆ" ಎಂದಳು.

ಸುಳ್ಳು ಸಮಾಧಾನ ತಾಯಿಯವರ ಬಾಯಿಂದ ಎಂದೂ ಬಂದದ್ದಿಲ್ಲ. ಮಾಳವ್ವನ ರಕ್ತ ಹತ್ತಿದ ಕೈಯನ್ನು ಹಿಡಿದು ಕೂಸಿನ ಬೆನ್ನ ಮೇಲೆ ಇಟ್ಟರು. ಪುಟ್ಟ ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು. ರೇವವ್ವ ಕಂಬಳಿಯೊಳಗಿಂದ ತನ್ನ ಕೈ ಹೊರತೆಗೆದು ಅತ್ತೆಯ ಕೈಯ ಮೇಲೆ ಇಟ್ಟಳು. ಎರಡು ವರ್ಷದಲ್ಲಿ ಮಾಳವ್ವ ಮೊದಲ ಸಲ ಬಾಯಿ ಬಿಟ್ಟು ಅತ್ತಳು.

ಮುಂದೆ ತಾಯಿಯವರು ಲಿಂಗೈಕ್ಯರಾದ ಮೇಲೂ ಮಾಳವ್ವ ಬಹಳ ಕಾಲ ಬಾಳಿದಳು. ಚಳಿಗಾಲ ಬಂತೆಂದರೆ ಎಲ್ಲಿ ಬಾಣಂತಿ ಇದ್ದಾಳೆಂದು ಕೇಳಿಕೊಂಡು ಸುತ್ತಲ ಊರುಗಳಿಗೆಲ್ಲ ಹೋಗುತ್ತಿದ್ದಳು. ಬಾಗಿಲು ಬಿಗಿದ ಕೋಣೆ ಕಂಡರೆ ಹೊಸ್ತಿಲಲ್ಲಿ ಕೂತುಬಿಡುತ್ತಿದ್ದಳು. ಮನೆಯವರು ಬೈಯುತ್ತಿದ್ದರು, ಬಾಣಂತಿಕೋಣೆಯ ಮುಂದೆ ಅಪಶಕುನದ ಮುದುಕಿ ಎಂದು ನೀರು ಸುರಿದವರೂ ಉಂಟು. ಅವಳು ಏಳುತ್ತಿರಲಿಲ್ಲ. ಯಾಕವ್ವ ನಿನಗಿಷ್ಟು ಹಟ, ಎಂದು ಯಾರಾದರೂ ಹಿರಿಯ ಹೆಂಗಸು ಹೊರಗೆ ಬಂದು ಕೇಳುವ ತನಕ ಕಾಯುತ್ತಿದ್ದಳು. ಕೇಳಿದರೆ, ಗಂಡಸರಿರಲಿ ಹೆಂಗಸರಿರಲಿ, ಎಲ್ಲರ ಎದುರಿಗೂ ತಲೆ ಎತ್ತಿ ಹೇಳುತ್ತಿದ್ದಳು.

"ನನ್ನ ಮೊಮ್ಮಗನ್ನ ನಾನ ಹಿಂಗ ಮುಚ್ಚಿ ಕಳಕೊಂಡೀನಿ. ಬಾಗಲಾ ತಗೀರಿ."

ಅವಳು ಹೋದ ಮನೆಗಳಲ್ಲಿ ಬಾಗಿಲು ತೆರೆಯದೆ ಉಳಿದದ್ದು ಒಂದೂ ಇಲ್ಲ ಎಂದು ಆ ಸೀಮೆಯ ಭಕ್ತರು ಇಂದಿಗೂ ಕೈಮುಗಿದು ಹೇಳುತ್ತಾರೆ.