ಎರಡೆಲೆ ಮಠ

ಸಿಂಗಿಹಾಳ ದಾಟಿ ಹಳ್ಳದ ಗುಂಟ ನಡೆದರೆ ಬೋಳು ದಿಬ್ಬದ ಮೇಲೆ ಸೂರಿಲ್ಲದ ನಾಲ್ಕು ಗೋಡೆಗಳು ಕಾಣುತ್ತವೆ. ಮೂಡಣಕ್ಕೊಂದು ಬಾಗಿಲು, ಪಡುವಣಕ್ಕೊಂದು. ಈಗ ಅವುಗಳ ನಡುವೆ ಓಡಾಡುವುದು ಗಾಳಿಯೊಂದೇ. ನೂರಾರು ಜಂಗಮರು ಉಂಡ ಮಠಕ್ಕೆ ಎರಡೆಲೆ ಎಂಬ ಬಡ ಹೆಸರೇಕೆ ಎಂದು ಬಂದವರು ನಗುವುದುಂಟು. ನಗಲಿ, ಅವರಿಗೆ ರೇವಯ್ಯನ ಸುದ್ದಿ ಗೊತ್ತಿಲ್ಲ.

ಹಿಂದೆ ಒಮ್ಮೆ ಈ ಹಳ್ಳವೇ ಎರಡು ರಾಜ್ಯಗಳ ಗಡಿಯಾಗಿತ್ತಂತೆ. ಯಾವ ಸೀಮೆಯವನೇ ಬರಲಿ, ಅವನಿಗೆ ಉಣಬಡಿಸುವುದು ಮಠದ ವ್ರತ. ಅಡುಗೆಯಾದ ಮೇಲೆ ಎರಡೂ ಬಾಗಿಲಲ್ಲಿ ನಿಂತು 'ಹಸಿದವರು ಬರ್ರೆಪ್ಪಾ' ಎಂದು ಕೂಗಬೇಕು. ಒಬ್ಬ ಅತಿಥಿಯಾದರೂ ಜೊತೆಗೆ ಕೂರದೆ ಮಠದವರು ತುತ್ತು ಎತ್ತುವಂತಿಲ್ಲ. ಯುದ್ಧ ಬಂದು ಸುತ್ತಲಿನ ಊರುಗಳು ಖಾಲಿಯಾದಾಗ ಜಂಗಮರೂ ಗಂಟುಮೂಟೆ ಕಟ್ಟಿದರು. ಗದ್ದುಗೆಗೆ ದೀಪವಿಡಲು ರೇವಯ್ಯನೊಬ್ಬನೇ ಉಳಿದ. ದಿನಾ ಇಬ್ಬರಿಗಾಗುವಷ್ಟು ಜೋಳದ ನುಚ್ಚು ಬೇಯಿಸಿ, ಎರಡು ಮುತ್ತಲ ಎಲೆ ಹಾಸಿ ಕೂಗುತ್ತಿದ್ದ. ಮೊದಮೊದಲು ದಾರಿ ತಪ್ಪಿದವರು ಯಾರಾದರೂ ಬರುತ್ತಿದ್ದರು. ಬರಬರುತ್ತ ಅವರೂ ಅಪರೂಪವಾದರು. ಯಾರೂ ಬಾರದ ದಿನ ಬೇಯಿಸಿದ್ದನ್ನು ಹಕ್ಕಿಗಳಿಗೆ ಚೆಲ್ಲಿ, ನೀರು ಕುಡಿದು ಮಲಗುತ್ತಿದ್ದ. ಹಸಿವನ್ನು ಹೇಗೋ ತಡೆದುಕೊಂಡಾನು, ಮಾತಾಡುವವರಿಲ್ಲದ ಸಂಕಟವನ್ನು ತಡೆಯುವುದು ಅವನಿಗೆ ಕಷ್ಟವಾಯಿತು.

ಒಂದು ಮಧ್ಯಾಹ್ನ ಅವನ ಕೂಗಿಗೆ ಬಾಗಿಲಿಗೊಬ್ಬರಂತೆ ಇಬ್ಬರು ಬಂದರು. ಇಬ್ಬರೂ ಗಾಯಗೊಂಡ ಕಾಲಾಳುಗಳು, ಒಬ್ಬನಿಗೊಬ್ಬ ಶತ್ರು. ರೇವಯ್ಯನ ಕಣ್ಣು ತುಂಬಿ ಬಂತು.

"ಇವನ ಮಾರಿ ನೋಡಕೋತ ನಾ ಉಣ್ಣಂಗಿಲ್ರೀ ಅಯ್ಯಾರ," ಎಂದ ಒಬ್ಬ.

"ಮಾರಿ ಯಾಕ ನೋಡ್ತಿ? ಬೆನ್ನಿಗಿ ಬೆನ್ನು ಕೊಟ್ಟು ಕುಂದ್ರಪಾ. ನುಚ್ಚು ಆರಾಕತ್ತೈತಿ," ಎಂದ ರೇವಯ್ಯ.

ಕೂತರು. ಇದ್ದ ಎರಡು ಎಲೆಯೂ ಅವರಿಗೇ ಆದವು. ಅತಿಥಿಗಳು ಎದ್ದ ಮೇಲೆ ಅಯ್ಯನವರು ಉಣ್ಣುವುದು ಬೇರೆ ಮಠಗಳ ರೂಢಿ. ಇಲ್ಲಿಯೂ ಒಳಗೆ ಮುಚ್ಚಿಟ್ಟಿರಬೇಕೆಂದು ತಿಳಿದು ಇಬ್ಬರೂ ಮಡಕೆ ಬರಿದು ಮಾಡಿದರು. ನನಗೊಂದು ತುತ್ತು ಉಳಿಸಿ ಎಂದರೆ ಎಲ್ಲಿ ಸಂಕೋಚಪಟ್ಟು ಎದ್ದುಬಿಡುತ್ತಾರೋ ಎಂದು ರೇವಯ್ಯ ಬಾಯಿ ಬಿಡಲಿಲ್ಲ. ಎಷ್ಟೋ ದಿನಗಳ ಮೇಲೆ ಮನುಷ್ಯರು ಉಣ್ಣುವ ಸದ್ದು ಕೇಳುತ್ತಿತ್ತು.

"ನಾಳೆನೂ ಬರ್ರಪಾ," ಎಂದ. ಇಬ್ಬರೂ ತಲೆಯಾಡಿಸಿ ತಮ್ಮ ತಮ್ಮ ಬಾಗಿಲಿನಿಂದ ಇಳಿದು ಹೋದರು.

ಮರುದಿನ ಯಾರೂ ಬರಲಿಲ್ಲ, ಅದರ ಮರುದಿನವೂ ಇಲ್ಲ. ಯುದ್ಧ ಮುಗಿದು ಜನ ಮರಳಿದಾಗ ರೇವಯ್ಯ ಗೋಡೆಗೊರಗಿ ಕೂತಲ್ಲೇ ತೀರಿಹೋಗಿದ್ದ. ಮುಂದೆ ಒಣಗಿದ ಎರಡು ಎಲೆಗಳಿದ್ದವು. ಒಳಗಿನ ಗುಡಾಣದಲ್ಲಿ ಜೋಳ ಇನ್ನೂ ಉಳಿದಿತ್ತು ಎನ್ನುತ್ತಾರೆ.

ಆಮೇಲೆ ಊರವರು ಅದೇ ಜಾಗದ ನೆಲಗಲ್ಲಿನಲ್ಲಿ ಎರಡು ಎಲೆಗಳನ್ನು ಕೊರೆಸಿದರು. ಹೋದವರು ಅವನ್ನು ಇಂದಿಗೂ ನೋಡಬಹುದು. ಕುರಿ ಕಾಯುವವರು ಅಲ್ಲಿ ಜೊತೆಯಾಗಿ ಕೂತು ಬುತ್ತಿ ಬಿಚ್ಚುತ್ತಾರೆ. ಒಬ್ಬನೇ ಬಂದವನು ಮಾತ್ರ ಬಿಚ್ಚುವುದಿಲ್ಲ. ಎಷ್ಟೇ ಹಸಿದಿರಲಿ, ದಿಬ್ಬ ಇಳಿದ ಮೇಲೆಯೇ ಉಣ್ಣುತ್ತಾನೆ.